ಒಂದೇ ತೋಟ, ಎರಡು ಬೇಸಿಗೆ

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದವರು. ಇಟಲಿಯಲ್ಲಿ ಕೆಲಸದಲ್ಲಿರುವ ಮಗಳು ಕಳೆದ ಸಲ ಊರಿಗೆ ಬಂದಾಗ ಸಸ್ಸಿಕಾಯಾ ಎಂಬ ಕೆಂಪು ವೈನಿನ ಎರಡು ಬಾಟಲಿ ತಂದುಕೊಟ್ಟಳು. ಒಂದರ ಮೇಲೆ 2015, ಇನ್ನೊಂದರ ಮೇಲೆ 2016 ಎಂದಿದೆ. ಉಳಿದಂತೆ ಬಿಳಿಯ ಚೀಟಿ, ನೀಲಿ ವೃತ್ತದೊಳಗಿನ ಚಿನ್ನದ ನಕ್ಷತ್ರ, ಎಲ್ಲವೂ ಒಂದೇ. ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬುವ ದಿನ ಒಂದನ್ನು ತೆರೆಯಬೇಕೆಂದಿದ್ದೇವೆ. ಒಂದೇ ತೋಟದ, ಒಂದೇ ಜಾತಿಯ ಹಣ್ಣಿನಿಂದ ಒಂದೇ ಮನೆಯವರು ಮಾಡಿದ ವೈನುಗಳಲ್ಲಿ ಒಂದು ವರ್ಷದ ಅಂತರಕ್ಕೆ ನಿಜವಾಗಿಯೂ ವ್ಯತ್ಯಾಸ ಇರುತ್ತದೆಯೇ? ಯಾವುದನ್ನು ಈಗ ತೆರೆಯಬೇಕು, ಯಾವುದನ್ನು ಇಡಬೇಕು?

ಉತ್ತರ: ವ್ಯತ್ಯಾಸ ಖಂಡಿತ ಇರುತ್ತದೆ. 2015ನ್ನು ಈಗ ತೆರೆಯಿರಿ, 2016ನ್ನು ಇಡಿ. ಇಡುವ ಮಾತಿಗೆ ಮಾತ್ರ ಒಂದು ಷರತ್ತಿದೆ. ದಾವಣಗೆರೆಯಂಥ ಊರಿನಲ್ಲಿ ಅದು ಚೀಟಿಯ ಮೇಲಿನ ವರ್ಷಕ್ಕಿಂತ ದೊಡ್ಡ ಸಂಗತಿಯಾದ್ದರಿಂದ ಈ ಉತ್ತರದ ಕೊನೆಯಲ್ಲಿ ಅದನ್ನು ಬಿಡಿಸಿ ಹೇಳುತ್ತೇನೆ.

ನಿಮ್ಮ ಅನುಮಾನ ಸಹಜವಾದದ್ದೇ. ಬ್ರಾಂದಿ, ವಿಸ್ಕಿಗಳಲ್ಲಿ ರುಚಿ ಸದಾ ಒಂದೇ ಇರಲೆಂದು ಹಲವು ಪೀಪಾಯಿಗಳನ್ನು ಬೆರೆಸುವುದು ವಾಡಿಕೆ. ಇಂಥ ಒಂದೇ ತೋಟದ ವೈನಿನಲ್ಲಿ ಹಾಗೆ ಹಲವು ವರ್ಷಗಳ ರಸ ಬೆರೆಸಿ ರುಚಿಯನ್ನು ಸಮ ಮಾಡುವುದಿಲ್ಲ; ಆ ವರ್ಷದ ಮಳೆ ಬಿಸಿಲು ಏನು ಕೊಟ್ಟಿತೋ ಅದೇ ಬಾಟಲಿಗೆ ಇಳಿಯಬೇಕು. ನಮ್ಮ ಕಡೆಯ ಬೇಸಾಯಗಾರರಿಗೆ ಇದು ಹೊಸ ಮಾತಲ್ಲ. ಚಳ್ಳಕೆರೆಯ ಒಂದೇ ಹೊಲದ ಶೇಂಗಾ ಒಂದು ವರ್ಷ ಕಾಳುಗಟ್ಟಿ ಎಣ್ಣೆ ತುಂಬಿ ಬರುತ್ತದೆ, ಮರುವರ್ಷ ಜೊಳ್ಳಾಗುತ್ತದೆ. ಬೀಜ, ಗೊಬ್ಬರ, ದುಡಿದ ಕೈ ಎಲ್ಲವೂ ಅವೇ ಇದ್ದರೂ ಹದ ಬೇರೆಯಾಗಿರುತ್ತದೆ. ದ್ರಾಕ್ಷಿಯಲ್ಲಿ ಈ ಹದ ಇನ್ನೂ ಸೂಕ್ಷ್ಮವಾಗಿ ಅಚ್ಚೊತ್ತುತ್ತದೆ, ಮತ್ತು ಅದನ್ನು ಹತ್ತು ವರ್ಷದ ನಂತರವೂ ನಾಲಿಗೆಯ ಮೇಲೆ ಗುರುತಿಸಬಹುದು.

ವೈನಿನ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಇದು ಇಟಲಿಯ ಟಸ್ಕನಿ ಪ್ರಾಂತ್ಯದ ಕರಾವಳಿಯ ಬೋಲ್ಗೆರಿಯಲ್ಲಿರುವ ತೆನೂತಾ ಸಾನ್ ಗ್ವೀದೋ ಎಸ್ಟೇಟಿನದು. ಟಸ್ಕನಿಯ ಮನೆಬಳ್ಳಿ ಸಾಂಜೊವೇಸೆ ಎಂಬ ದ್ರಾಕ್ಷಿ. ಆದರೆ ಎಸ್ಟೇಟಿನ ಒಡೆಯ ಮಾರಿಯೋ ಇಂಚೀಸಾ ದೆಲ್ಲಾ ರೊಕ್ಕೆತ್ತಾ ಅವರು 1944ರಲ್ಲಿ ಅಲ್ಲಿ ನೆಟ್ಟದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ಕ್ಯಾಬರ್ನೆ ದ್ರಾಕ್ಷಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ವೈನು ಮನೆಯ ಬಳಕೆಗಷ್ಟೇ ಇತ್ತು. ಮಾರಾಟಕ್ಕೆ ಬಂದ ಮೊದಲ ಕೊಯ್ಲು 1968ರದು. ಜಾಕೊಮೋ ತಾಕಿಸ್ ಎಂಬ ತಜ್ಞರು ಅದನ್ನು ತಿದ್ದಿ ರೂಪಿಸಿದರು. 1978ರಲ್ಲಿ ಲಂಡನ್ನಿನ ಡಿಕ್ಯಾಂಟರ್ ಪತ್ರಿಕೆ ಹಲವು ದೇಶಗಳ ಕ್ಯಾಬರ್ನೆಗಳನ್ನು ಹೆಸರು ಮುಚ್ಚಿ ಪರೀಕ್ಷೆಗೆ ಇಟ್ಟಾಗ 1972ರ ಸಸ್ಸಿಕಾಯಾ ಮೊದಲನೆಯದಾಗಿ ನಿಂತಿತು. ಅಲ್ಲಿಯವರೆಗೂ, ಅದರ ನಂತರ ಹದಿನೈದು ವರ್ಷ ಕಳೆದರೂ, ಇಟಲಿಯ ನಿಯಮದಲ್ಲಿ ಅದರ ದರ್ಜೆ ಬರಿಯ ‘ಊಟದ ವೈನು’. ಪ್ರಾಂತ್ಯದ ಸಂಪ್ರದಾಯದ ಹಣ್ಣು ಅದರಲ್ಲಿ ಇಲ್ಲವೆಂಬುದೇ ಕಾರಣ. 1994ರಲ್ಲಿ ಸ್ವಂತ ಹೆಸರಿನ ಮಾನ್ಯತೆ ಬಂದಿತು. ಒಂದೇ ಒಂದು ಎಸ್ಟೇಟಿಗೆ ಅಂಥ ಮಾನ್ಯತೆ ಸಿಗುವುದು ಇಟಲಿಯಲ್ಲಿ ಅಪರೂಪ. ನಿಮ್ಮ ಎರಡೂ ಬಾಟಲಿಗಳಲ್ಲಿ ಸುಮಾರು ಶೇ. 85ರಷ್ಟು ಕ್ಯಾಬರ್ನೆ ಸೋವಿನ್ಯೋನ್, ಉಳಿದದ್ದು ಕ್ಯಾಬರ್ನೆ ಫ್ರಾಂ. ಎರಡೂ ಫ್ರಾನ್ಸಿನ ಓಕ್ ಮರದ ಸಣ್ಣ ಪೀಪಾಯಿಗಳಲ್ಲಿ ಸುಮಾರು ಎರಡು ವರ್ಷ ಮಾಗಿದವು. ಅಂದರೆ ಕೈಯ ಕೆಲಸ ಒಂದೇ, ಆಕಾಶದ ಕೆಲಸ ಬೇರೆ.

ಈಗ ಆ ಎರಡು ಬೇಸಿಗೆಗಳ ಮಾತು. ನಮ್ಮಲ್ಲಿ ಪುನರ್ವಸು, ಪುಷ್ಯ ಮಳೆಗಳ ಸೋನೆ ಹಿಡಿಯುವ ಜುಲೈ ತಿಂಗಳು ಅಲ್ಲಿ ನಡುಬೇಸಿಗೆ. 2015ರ ಜುಲೈ ಟಸ್ಕನಿಯಲ್ಲಿ ಬಹಳ ಬಿಸಿಯಾಗಿತ್ತು. ಉಷ್ಣಾಂಶ 35 ಡಿಗ್ರಿ ದಾಟಿದಾಗ ಬಳ್ಳಿ ನೀರು ಉಳಿಸಿಕೊಳ್ಳಲು ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಹಣ್ಣಿನ ಬೆಳವಣಿಗೆ ನಿಧಾನವಾಗುತ್ತದೆ, ಸಿಪ್ಪೆಗೆ ಬಣ್ಣ ಏರುವುದು ಕುಂಠಿತವಾಗುತ್ತದೆ, ಹುಳಿಯ ಒಂದು ಪಾಲು ಉಸಿರಾಟದಲ್ಲೇ ಸುಟ್ಟುಹೋಗುತ್ತದೆ. ಅದೇ ಬಿಸಿ ಕೊಯ್ಲಿನವರೆಗೂ ಮುಂದುವರಿದಿದ್ದರೆ ಬೇಯಿಸಿದ ಹಣ್ಣಿನಂಥ ವೈನು ಬರುತ್ತಿತ್ತು. ಆದರೆ ಆಗಸ್ಟ್‌ನಲ್ಲಿ ಮಳೆ ಬಿತ್ತು, ಬಳ್ಳಿ ಚೇತರಿಸಿಕೊಂಡಿತು, ಹಣ್ಣು ತುಂಬಿಕೊಂಡಿತು. ಹಾಗಾಗಿ ಆ ವರ್ಷದ ವೈನಿನಲ್ಲಿ ಬಿಸಿಲಿನ ಧಾರಾಳತನವಿದೆ, ಅದರ ಒರಟುತನವಿಲ್ಲ.

2016ರ ಬೇಸಿಗೆಯೂ ಒಣ ಬೇಸಿಗೆಯೇ. ಆದರೆ ಆ ವರ್ಷದ ವಿಶೇಷವಿದ್ದದ್ದು ರಾತ್ರಿಗಳಲ್ಲಿ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನವರೆಗೆ, ಅಂದರೆ ನಮ್ಮಲ್ಲಿ ಮಖೆ ಕಳೆದು ಹುಬ್ಬೆ, ಉತ್ತರೆ ಮಳೆಗಳು ನಡೆಯುವ ಕಾಲಕ್ಕೆ, ಅಲ್ಲಿ ಹಗಲಿಗೂ ರಾತ್ರಿಗೂ ಉಷ್ಣಾಂಶದ ಅಂತರ ದೊಡ್ಡದಾಗಿತ್ತು. ಹಗಲು ಬಿಸಿಲು ಹಣ್ಣಿಗೆ ಸಕ್ಕರೆ ತುಂಬುತ್ತದೆ. ರಾತ್ರಿ ತಂಪಾದರೆ ಹಣ್ಣಿನ ಉಸಿರಾಟ ಇಳಿದು ಹುಳಿ ಉಳಿಯುತ್ತದೆ, ಸಿಪ್ಪೆಗೆ ಬಣ್ಣ ಏರುತ್ತದೆ, ಪರಿಮಳ ಆವಿಯಾಗದೆ ನಿಲ್ಲುತ್ತದೆ. ಇದು ಕೊಯ್ಲಿಗೆ ಮುಂಚಿನ ಕೆಲವೇ ವಾರಗಳಲ್ಲಿ ನಡೆಯುವ ಕೆಲಸವಾದರೂ ವೈನಿನ ಆಯುಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ. ಹುಳಿ ಮತ್ತು ಒಗರು ಎರಡೂ ಗಟ್ಟಿಯಾಗಿರುವ ಕೆಂಪು ವೈನು ಹೆಚ್ಚು ಕಾಲ ಬಾಳುತ್ತದೆ.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಭಾಗ್ಯ ನನಗೊಮ್ಮೆ ಸಿಕ್ಕಿತ್ತು, ಅದೂ ನಿಮ್ಮ ಊರಿನಲ್ಲೇ. ಜನವರಿಯ ಒಂದು ಸಂಜೆ, ಸ್ನೇಹಿತರ ಮನೆಯ ಊಟದ ಮೇಜಿನ ಮೇಲೆ ಒಗೆದ ಬಿಳಿ ಪಂಚೆ ಹಾಸಿ, ಒಂದೇ ಅಳತೆಯ ಎರಡು ಗ್ಲಾಸುಗಳನ್ನು ಅದರ ಮೇಲೆ ಓರೆಯಾಗಿ ಹಿಡಿದು ಬಣ್ಣ ನೋಡಿದೆವು. ನಡುವೆ ಎರಡೂ ಕಡುಗೆಂಪು. ಆದರೆ ಗಾಜನ್ನು ಮುಟ್ಟುವ ಅಂಚಿನಲ್ಲಿ 2015 ಒಣಗಿದ ದಾಳಿಂಬೆ ಸಿಪ್ಪೆಯ ಬಣ್ಣಕ್ಕೆ ತಿರುಗಲು ಶುರುವಾಗಿತ್ತು, 2016 ಇನ್ನೂ ನೇರಳೆ ಹಣ್ಣಿನ ರಸದಂತೆ ನೀಲಿಗೆಂಪಾಗಿಯೇ ಇತ್ತು. 2015 ಸುರಿದ ಕೂಡಲೇ ಮಾತನಾಡಿತು: ಮಾಗಿದ ಹಣ್ಣು, ಒಣ ತಂಬಾಕಿನ ಎಲೆ, ದೇವದಾರು ಪೆಟ್ಟಿಗೆ ತೆರೆದಂಥ ವಾಸನೆ. ಬಾಯಲ್ಲಿ ಅಗಲವಾಗಿ ಹರಡಿ ಮೆತ್ತಗೆ ಇಳಿಯಿತು. 2016 ಮೊದಲ ಅರ್ಧ ಗಂಟೆ ಬಾಯಿ ಬಿಡಲಿಲ್ಲ. ಆಮೇಲೆ ಮರುಗ, ದವನದಂಥ ಹಸಿರು ಪರಿಮಳ ಎದ್ದಿತು, ಅದರ ಹಿಂದೆ ಕಪ್ಪು ಹಣ್ಣು ಬಂದಿತು. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಅಂಥ ಒಗರು. ಆದರೆ ಮರಳಿನಂತೆ ತರಿತರಿಯಾಗಿ ಅಲ್ಲ, ನುಣ್ಣಗೆ ಅರೆದಂತೆ. ನುಂಗಿದ ಮೇಲೂ ಬಹಳ ಹೊತ್ತು ರುಚಿ ನಿಂತಿತ್ತು. ಅಂದು ಮೊದಲು ಖಾಲಿಯಾದದ್ದು 2015. ಮರುದಿನ ಬೆಳಿಗ್ಗೆ ಉಳಿದದ್ದನ್ನು ಮತ್ತೆ ನೋಡಿದಾಗ 2016 ಹಿಂದಿನ ರಾತ್ರಿಗಿಂತ ಚೆನ್ನಾಗಿತ್ತು. ನನ್ನ ಆಯ್ಕೆ 2016 ಎಂದು ಸಂಕೋಚವಿಲ್ಲದೆ ಹೇಳುತ್ತೇನೆ, ಆದರೆ ನಿಮ್ಮ ಸಂಭ್ರಮದ ದಿನಕ್ಕೆ ಒಪ್ಪುವುದು 2015. ನಾಲ್ಕು ಜನ ಸೇರಿದ ಮನೆಯಲ್ಲಿ ಕಾಯಿಸದೆ ಸಂತೋಷ ಕೊಡುವ ಗುಣ ಅದಕ್ಕಿದೆ.

ಇನ್ನು ಷರತ್ತು. ಇಂಥ ವೈನು ಸುಖವಾಗಿ ಮಾಗುವುದು 12ರಿಂದ 14 ಡಿಗ್ರಿ ತಂಪಿನಲ್ಲಿ, ಕತ್ತಲಲ್ಲಿ, ಅಲುಗದೆ, ಬಿರಡೆ ಒಣಗದಂತೆ ಅಡ್ಡ ಮಲಗಿಸಿ ಇಟ್ಟಾಗ. ದಾವಣಗೆರೆಯ ಏಪ್ರಿಲ್ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬೀರುವಿನಲ್ಲಿ ಬಟ್ಟೆಯ ನಡುವೆ ಸುತ್ತಿಟ್ಟರೂ ರಾತ್ರಿಯಿಡೀ ಕಾದಿರುವ ಕಾಂಕ್ರೀಟು ಚಾವಣಿಯ ಬಿಸಿ ಅದನ್ನು ತಲುಪುತ್ತದೆ. ನಾನು ಇದನ್ನು ನಷ್ಟಪಟ್ಟು ಕಲಿತೆ. ಬಹಳ ವರ್ಷಗಳ ಹಿಂದೆ ಚಿತ್ರದುರ್ಗದ ನಮ್ಮ ಮನೆಯ ಅಟ್ಟದಲ್ಲಿ ಒಂದು ಒಳ್ಳೆಯ ಇಟಲಿಯ ಬಾಟಲಿಯನ್ನು ಎರಡು ಬೇಸಿಗೆ ಇಟ್ಟಿದ್ದೆ. ತೆಗೆದು ನೋಡಿದಾಗ ಬಿರಡೆ ಉಗುರಿನಷ್ಟು ಮೇಲಕ್ಕೆ ತಳ್ಳಿಕೊಂಡಿತ್ತು, ಹಾಳೆಯ ಟೋಪಿ ತಿರುಗಿಸಿದರೆ ತಿರುಗದೆ ಅಂಟಿಕೊಂಡಿತ್ತು, ಬಾಟಲಿಯ ಕುತ್ತಿಗೆಯ ಮೇಲೆ ವೈನು ಸೋರಿ ಒಣಗಿದ ಕಂದು ಗೆರೆಯಿತ್ತು. ಗ್ಲಾಸಿಗೆ ಬಂದದ್ದು ಒಣದ್ರಾಕ್ಷಿ ಬೇಯಿಸಿದ ನೀರಿನ ವಾಸನೆ. ಆದ್ದರಿಂದ ಸ್ಥಿರ ಉಷ್ಣಾಂಶದ ಸಣ್ಣ ವೈನ್ ಫ್ರಿಜ್ ಮನೆಯಲ್ಲಿದ್ದರೆ, ಅಥವಾ ಅಂಥದ್ದು ಇರುವ ಬಂಧುಗಳ ಮನೆಯಿದ್ದರೆ, 2016ನ್ನು ಇನ್ನೂ ಹತ್ತು ವರ್ಷ ನಿಶ್ಚಿಂತೆಯಿಂದ ಇಡಬಹುದು. ಅದು ಇಲ್ಲದಿದ್ದರೆ ಮನೆಯ ಸಾಮಾನ್ಯ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಅಡ್ಡ ಮಲಗಿಸಿ, ಮುಂದಿನ ಬೇಸಿಗೆ ಬರುವುದರೊಳಗೆ ಅದನ್ನೂ ತೆರೆದುಬಿಡಿ. ಅದರ ಪೂರ್ಣ ಪ್ರೌಢಿಮೆ ನಿಮಗೆ ಕಾಣದಿದ್ದರೂ ಹಾಳಾದದ್ದನ್ನು ಸುರಿಯುವ ಸಂಕಟವಂತೂ ತಪ್ಪುತ್ತದೆ.

ಪ್ರಶ್ನೆ: ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. 2015ರ ಸಸ್ಸಿಕಾಯಾ ‘ವರ್ಷದ ಒಂದನೇ ವೈನು’ ಎಂದು ಒಂದು ಕಡೆ ಓದಿದೆ. 2016ಕ್ಕೆ ನೂರಕ್ಕೆ ನೂರು ಅಂಕ ಬಂದಿದೆ ಎಂದು ಇನ್ನೊಂದು ಕಡೆ ಇದೆ. ಎರಡೂ ನಿಜವಾಗಲು ಹೇಗೆ ಸಾಧ್ಯ? ಕೊಳ್ಳುವವರು ಯಾವುದನ್ನು ನಂಬಬೇಕು?

ಉತ್ತರ: ಎರಡೂ ನಿಜ, ಏಕೆಂದರೆ ಅಳೆದವರು ಬೇರೆ, ಅಳತೆಗೋಲೂ ಬೇರೆ. ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ ಪ್ರತಿ ವರ್ಷ ನೂರು ವೈನುಗಳ ಪಟ್ಟಿ ಮಾಡುತ್ತದೆ. 2018ರ ಪಟ್ಟಿಯಲ್ಲಿ 2015ರ ಸಸ್ಸಿಕಾಯಾ ಮೊದಲ ಸ್ಥಾನದಲ್ಲಿತ್ತು. ಆ ಪಟ್ಟಿಗೆ ಗುಣ ಒಂದೇ ಆಧಾರವಲ್ಲ. ಬೆಲೆಗೆ ತಕ್ಕ ಮೌಲ್ಯ, ಮಾರುಕಟ್ಟೆಯಲ್ಲಿ ಎಷ್ಟು ಸಿಗುತ್ತದೆ, ಸಂಪಾದಕರಲ್ಲಿ ಅದು ಎಬ್ಬಿಸಿದ ಉತ್ಸಾಹ, ಇವೆಲ್ಲವೂ ಸೇರುತ್ತವೆ. ನೂರು ಅಂಕ ಕೊಟ್ಟದ್ದು ವೈನ್ ಅಡ್ವೊಕೇಟ್ ಪತ್ರಿಕೆಯ ವಿಮರ್ಶಕಿ ಮೋನಿಕಾ ಲಾರ್ನರ್, 2016ರ ವೈನಿಗೆ. ಆ ಪತ್ರಿಕೆಯನ್ನು ಕಟ್ಟಿದ ರಾಬರ್ಟ್ ಪಾರ್ಕರ್ ಹಿಂದೆ 1985ರ ಸಸ್ಸಿಕಾಯಾಗೂ ನೂರು ಕೊಟ್ಟಿದ್ದರು. ಅವರ ನೂರರ ಲೆಕ್ಕ ನಮ್ಮ ಶಾಲೆಯ ನೂರರಂತೆ ಸೊನ್ನೆಯಿಂದ ಹೊರಡುವುದಿಲ್ಲ, ಐವತ್ತರಿಂದ ಹೊರಡುತ್ತದೆ. ಹಾಗಾಗಿ ತೊಂಬತ್ತೇಳಕ್ಕೂ ನೂರಕ್ಕೂ ನಡುವಿನ ಮೂರು ಅಂಕ ಒಬ್ಬ ವಿಮರ್ಶಕರ ಒಂದು ದಿನದ ಮೆಚ್ಚುಗೆಯ ಅಂತರವಷ್ಟೆ.

ಅಂಕದ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸಾವಿರಾರು ವೈನುಗಳನ್ನು ಶಿಸ್ತಿನಿಂದ ನೋಡಿದವರ ಅಭಿಪ್ರಾಯಕ್ಕೆ ಬೆಲೆಯಿದೆ. ಆದರೆ ಅಂಕದ ಕೆಳಗೆ ಬರೆದಿರುವ ನಾಲ್ಕು ಸಾಲು ಓದಿದರೆ ನಿಮಗೆ ಹೆಚ್ಚು ಪ್ರಯೋಜನ. ‘ತುಂಬಿಕೊಂಡಿದೆ, ಈಗಲೇ ಹಿತವಾಗಿದೆ’ ಎಂಬ ಅರ್ಥದ ಮಾತು ಇದ್ದರೆ ಅದು ಬೇಗ ತೆರೆಯುವ ವರ್ಷ. ‘ಬಿಗಿಯಾಗಿದೆ, ಕಾಲ ಬೇಕು’ ಎಂದಿದ್ದರೆ ಅದು ತಂಪಿನಲ್ಲಿ ಇಡಲು ಅನುಕೂಲ ಇರುವವರ ವರ್ಷ. ನೂರು ಅಂಕದ ಬಾಟಲಿಯನ್ನು ತಂದು ಅದೇ ವಾರ ಬಿಸಿಬಿಸಿಯಾಗಿ ತೆರೆದು, ‘ಇಷ್ಟೇನಾ’ ಎಂದು ಬೇಸರಪಟ್ಟವರನ್ನು ನಾನು ಕಂಡಿದ್ದೇನೆ. ಹಾಗೆಯೇ ಹೆಸರಿಲ್ಲದ ವರ್ಷಗಳನ್ನು ಕಡೆಗಣಿಸಬೇಡಿ. 2014 ಟಸ್ಕನಿಯಲ್ಲಿ ಮಳೆ ಹೆಚ್ಚಾಗಿ ತಂಪಾಗಿದ್ದ ವರ್ಷ, 2017 ಬರದ ವರ್ಷ. ತಂಪಿನ ವರ್ಷದ ಕ್ಯಾಬರ್ನೆಯಲ್ಲಿ ಸೀಳಿದ ದೊಣ್ಣೆ ಮೆಣಸಿನಕಾಯಿಯ ವಾಸನೆ ಇಣುಕುತ್ತದೆ. ಇದು ಬರಿಯ ಹೋಲಿಕೆಯಲ್ಲ: ಆ ಕಾಯಿಯಲ್ಲಿರುವ ಪರಿಮಳದ ಅಂಶವೇ ಕ್ಯಾಬರ್ನೆ ಹಣ್ಣಿನಲ್ಲೂ ಇದೆ, ಬಿಸಿಲು ಸಾಕಷ್ಟು ಬಿದ್ದು ಹಣ್ಣು ಮಾಗಿದಂತೆ ಅದು ಕರಗುತ್ತದೆ. ಕೆಲವರಿಗೆ ಅದು ದೋಷ, ನನಗೆ ಅದರ ಸಣ್ಣ ಎಳೆ ಇಷ್ಟ.

ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನ ದಾಳಿಂಬೆ ಬೆಳೆಗಾರ. ಸಸ್ಸಿಕಾಯಾ ಎಂದರೆ ಕಲ್ಲುಭೂಮಿ ಎಂದು ಕೇಳಿದೆ. ನಮ್ಮ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ, ಮಳೆಯೂ ಕಡಿಮೆ. ಅಂಥ ವೈನ್ ದ್ರಾಕ್ಷಿ ನಮ್ಮಲ್ಲಿ ಏಕೆ ಬರಬಾರದು?

ಉತ್ತರ: ನೀವು ಕೇಳಿದ್ದು ಸರಿ. ಇಟಲಿಯ ಭಾಷೆಯಲ್ಲಿ ‘ಸಸ್ಸೋ’ ಎಂದರೆ ಕಲ್ಲು. ಕಲ್ಲು ಹೆಚ್ಚಿರುವ ಜಾಗ ಸಸ್ಸಿಕಾಯಾ. ಕಲ್ಲಿನ ಕೋಟೆಯ ಜಿಲ್ಲೆಯವರಿಗೆ ಆ ಹೆಸರು ಆಪ್ತವೆನಿಸುವುದು ಸಹಜ. ಕಲ್ಲುಮಿಶ್ರಿತ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಬೇರು ಆಳಕ್ಕೆ ಇಳಿಯುತ್ತದೆ, ಬಳ್ಳಿ ಸೊಪ್ಪಿಗೆ ಹೋಗದೆ ಹಣ್ಣಿಗೆ ನಿಲ್ಲುತ್ತದೆ. ದಾಳಿಂಬೆಯಲ್ಲಿ ನೀವೂ ಇದನ್ನೇ ಕಂಡಿರುತ್ತೀರಿ.

ಆದರೆ ಕಲ್ಲು ಅರ್ಧ ಮಾತ್ರ. ಬೋಲ್ಗೆರಿಯ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ, ವಸಂತದಲ್ಲಿ ಚಿಗುರುತ್ತದೆ, ವರ್ಷಕ್ಕೊಂದೇ ಬೆಳೆ ಕೊಡುತ್ತದೆ. ನಮ್ಮ ನಾಡಿನಲ್ಲಿ ಬಳ್ಳಿ ನಿದ್ರಿಸುವುದೇ ಇಲ್ಲ. ಅದಕ್ಕಾಗಿಯೇ ವಿಜಯಪುರದ ಬೆಳೆಗಾರರು ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ ಎಂದು ವರ್ಷಕ್ಕೆರಡು ಬಾರಿ ಕತ್ತರಿಸಿ ಬಳ್ಳಿಯನ್ನು ದಾರಿಗೆ ತರುತ್ತಾರೆ ಮತ್ತು ಬೇಸಿಗೆಯ ಹೊಸ್ತಿಲಲ್ಲಿ ಹಣ್ಣು ಕೊಯ್ಯುತ್ತಾರೆ. ಅಂದರೆ ಅಲ್ಲಿ ಹಣ್ಣು ಮಾಗುವಾಗ ದಿನಗಳು ತಂಪಿಗೆ ತಿರುಗುತ್ತಿರುತ್ತವೆ, ಇಲ್ಲಿ ಬಿಸಿಗೆ ತಿರುಗುತ್ತಿರುತ್ತವೆ. 2015ಕ್ಕೂ 2016ಕ್ಕೂ ನಡುವಿನ ವ್ಯತ್ಯಾಸವನ್ನು ಹುಟ್ಟಿಸಿದ್ದೇ ಕೊನೆಯ ವಾರಗಳ ರಾತ್ರಿಯ ತಂಪು ಎಂದ ಮೇಲೆ, ದಿಕ್ಕೇ ತಿರುಗಿದ ಋತುವಿನಲ್ಲಿ ಅದೇ ವೈನನ್ನು ನಿರೀಕ್ಷಿಸುವುದು ಬಳ್ಳಿಗೂ ನಿಮಗೂ ಅನ್ಯಾಯ. ಚೆನ್ನಾದ ವೈನ್ ದ್ರಾಕ್ಷಿ ಕರ್ನಾಟಕದಲ್ಲಿ ಬರುತ್ತದೆ, ನಂದಿ ಕಣಿವೆಯಲ್ಲೂ ಕೃಷ್ಣಾ ಕಣಿವೆಯಲ್ಲೂ ಬರುತ್ತಿದೆ. ಅದರ ರುಚಿ ಬೇರೆ, ಹಾಗೆಯೇ ಇರಲಿ. ಆದರೆ 89 ವರ್ಷಗಳ ನಂತರ, 2022ರಲ್ಲಿ, ಮಾರಿಕಣಿವೆ ಕೋಡಿ ಬಿದ್ದದ್ದನ್ನು ಕಣ್ಣಾರೆ ಕಂಡಿರುವ ತಾಲ್ಲೂಕಿನವರು ನೀವು. ಒಂದು ವರ್ಷ ಇನ್ನೊಂದರಂತೆ ಇರುವುದಿಲ್ಲವೆಂದು ನಿಮಗೆ ಹೊರಗಿನವರು ಕಲಿಸಬೇಕಾಗಿಲ್ಲ. ದಾಳಿಂಬೆ ಕಿತ್ತು ಹಾಕುವ ಮೊದಲು ಅರ್ಧ ಎಕರೆಯಲ್ಲಿ ನಾಲ್ಕೈದು ವರ್ಷ ಬಳ್ಳಿ ಬೆಳೆಸಿ, ಹಣ್ಣು ಕೊಳ್ಳುವವರು ಯಾರೆಂದು ಮೊದಲೇ ಮಾತಾಡಿಕೊಳ್ಳಿ. ವೈನ್ ದ್ರಾಕ್ಷಿಯನ್ನು ಸಂತೆಯಲ್ಲಿ ತಿನ್ನಲು ಕೊಳ್ಳುವವರಿಲ್ಲ.

ಪ್ರಶ್ನೆ: ಹರಿಹರದಲ್ಲಿ ನಾವು ಆರು ಜನ ಸ್ನೇಹಿತರು ಸೇರಿ ಒಂದೇ ವೈನಿನ ಎರಡು ವರ್ಷಗಳನ್ನು ಹೋಲಿಸಿ ನೋಡಬೇಕೆಂದಿದ್ದೇವೆ. ಸರಿಯಾದ ಕ್ರಮ ಯಾವುದು? ಜೊತೆಗೆ ಏನು ತಿನ್ನಬಹುದು?

ಉತ್ತರ: ಎರಡು ಬಾಟಲಿಗಳನ್ನೂ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಕೋಣೆಗಳನ್ನು ನೋಡಿ ಹುಟ್ಟಿದ್ದು. ಹರಿಹರದ ಕೋಣೆಗೆ ಅದು ಹೊಂದುವುದಿಲ್ಲ. ಎರಡನ್ನೂ ಸುಮಾರು ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಗೆ ತನ್ನಿ, ಮತ್ತು ಎರಡೂ ಒಂದೇ ತಂಪಿನಲ್ಲಿರಲಿ. ಒಂದು ನಾಲ್ಕು ಡಿಗ್ರಿ ಬಿಸಿಯಾಗಿದ್ದರೂ ಅದರ ಮದ್ಯಸಾರ ಮೂಗಿಗೆ ಹೊಡೆಯುತ್ತದೆ, ನೀವು ವರ್ಷಗಳನ್ನು ಹೋಲಿಸುವ ಬದಲು ಉಷ್ಣಾಂಶಗಳನ್ನು ಹೋಲಿಸಿದಂತಾಗುತ್ತದೆ. ಬಿಗಿಯಾದ ವರ್ಷದ್ದನ್ನು ಎರಡು ಗಂಟೆ ಮೊದಲು ಅಗಲ ಬಾಯಿಯ ಗಾಜಿನ ಹೂಜಿಗೆ ಬಗ್ಗಿಸಿ, ಮೃದುವಾದದ್ದಕ್ಕೆ ಅರ್ಧ ಗಂಟೆ ಸಾಕು. ಒಬ್ಬರು ಮಾತ್ರ ಒಳಗೆ ಹೋಗಿ ಸುರಿದು ತರಲಿ, ಯಾವ ಗ್ಲಾಸಿನಲ್ಲಿ ಯಾವ ವರ್ಷ ಎಂಬುದನ್ನು ಉಳಿದ ಐವರು ತಮ್ಮ ಅಭಿಪ್ರಾಯ ಬರೆದಿಟ್ಟ ಮೇಲಷ್ಟೇ ಹೇಳಲಿ. ಗ್ಲಾಸಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ.

ತಿನ್ನುವ ವಿಷಯದಲ್ಲಿ ಒಂದು ಎಚ್ಚರಿಕೆ: ನಮ್ಮ ಕಡೆಯ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಅಂದು ಬೇಡ. ಖಾರ ಮತ್ತು ಮದ್ಯಸಾರ ಸೇರಿದರೆ ಬಾಯಿ ಉರಿಯುತ್ತದೆ, ಒಗರು ಇನ್ನೂ ಒರಟಾಗಿ ಕಾಣುತ್ತದೆ, ಎರಡು ವರ್ಷಗಳ ನಡುವಿನ ಸೂಕ್ಷ್ಮವೆಲ್ಲ ಕಳೆದುಹೋಗುತ್ತದೆ. ಕೊಬ್ಬು ಮತ್ತು ಪ್ರೋಟೀನ್ ಒಗರನ್ನು ಕಟ್ಟಿಹಾಕುವುದರಿಂದ ಖಾರ ಕಡಿಮೆ ಮಾಡಿ ಬೇಯಿಸಿದ ಮಟನ್, ಸಸ್ಯಾಹಾರಿಗಳಿಗೆ ಗಟ್ಟಿ ಚೀಸ್ ಅಥವಾ ಬೆಣ್ಣೆಯಲ್ಲಿ ಹುರಿದ ಅಣಬೆ ಚೆನ್ನಾಗಿ ಹೊಂದುತ್ತದೆ. ಚಟ್ನಿ ಮುಟ್ಟದೆ ತಿನ್ನುವುದಾದರೆ ಬೆಣ್ಣೆ ದೋಸೆಯೂ ಆದೀತು. ನಾನು ತಿಂದು ನೋಡಿದ್ದೇನೆ. ಮೊದಲು ಎರಡೂ ವೈನುಗಳನ್ನು ಬರಿದೇ ರುಚಿ ನೋಡಿ ಬರೆದಿಟ್ಟುಕೊಳ್ಳಿ, ಊಟದ ಜೊತೆ ಇನ್ನೊಮ್ಮೆ ನೋಡಿ, ಒಂದೊಂದು ಗುಟುಕನ್ನು ಮುಚ್ಚಿಟ್ಟು ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ. ಮೂರೂ ಸಲದ ಟಿಪ್ಪಣಿಗಳನ್ನು ನಮಗೆ ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಅವುಗಳ ಬಗ್ಗೆ ಬರೆಯುತ್ತೇನೆ.